ಇರ್ವಾಜ್ ಕಡಲಿನ ನಡುವೆ: ಬ್ರಿಟನಿಯ ಪಶ್ಚಿಮ ತುದಿಗೊಂದು ಪ್ರವಾಸ

ಮೊದಲ ದಿನ: ಲೆ ಕಾಂಕೆ

ಫ್ರಾನ್ಸಿನ ಪಶ್ಚಿಮ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತ್ಯದ ತುತ್ತತುದಿಯ ಜಿಲ್ಲೆ ಫಿನಿಸ್ತೇರ್. ಆ ಜಿಲ್ಲೆಯ ದಡದಿಂದ ಹೊರಟು ವೆಸಾಂ, ಮೊಲೆನ್ ಮತ್ತು ಸೇನ್ ದ್ವೀಪಗಳನ್ನು ಬಳಸಿಕೊಂಡು ತೆರೆದ ಸಾಗರದವರೆಗೆ ಹಬ್ಬಿರುವ ಕಡಲಿಗೆ ಇರ್ವಾಜ್ ಎಂದು ಹೆಸರು. ಸುಮಾರು 3,500 ಚದರ ಕಿಲೋಮೀಟರ್ ವಿಸ್ತಾರದ ಈ ಕಡಲು 2007ರ ಸೆಪ್ಟೆಂಬರಿನಲ್ಲಿ ಆ ದೇಶದ ಮೊತ್ತಮೊದಲ ‘ನೈಸರ್ಗಿಕ ಸಾಗರ ಉದ್ಯಾನ’ವಾಯಿತು. ನನ್ನ ತಂಗಿಯ ಮಗಳು ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದಿ, ಈಗ ಬ್ರೆಸ್ಟ್ ನಗರದಲ್ಲಿ ಕಡಲಪಾಚಿಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ಒತ್ತಾಯದ ಮೇರೆಗೆ, ಬೇಸಿಗೆಯ ಜನಸಂದಣಿ ಕರಗಿದ ಸೆಪ್ಟೆಂಬರ್ ಆರಂಭದಲ್ಲಿ ನಾನು ಈ ಭಾಗಕ್ಕೆ ಬಂದೆ.

ಬ್ರೆಸ್ಟಿನಿಂದ ಬಸ್ಸು ಹಿಡಿದು ಉದ್ಯಾನದ ಮುಖ್ಯ ಕಚೇರಿ ಇರುವ ಲೆ ಕಾಂಕೆ ಎಂಬ ಪುಟ್ಟ ಬಂದರಿಗೆ ಬಂದಿಳಿದೆವು. ಉದ್ಯಾನವೆಂದರೆ ಬೇಲಿ, ಗೇಟು, ಕಾವಲುಗಾರ, ಒಳಗೆ ಬರಕೂಡದೆಂಬ ಫಲಕ ಎಂದೇ ತಿಳಿದಿದ್ದ ನನಗೆ ಅಲ್ಲಿನ ಧಕ್ಕೆಯ ನೋಟ ಅಚ್ಚರಿ ತಂದಿತು. ಏಡಿ ಹಿಡಿಯುವ ಬುಟ್ಟಿಗಳು ಸಾಲಾಗಿ ಪೇರಿಸಿದ್ದವು, ಮೀನುದೋಣಿಗಳು ಎಂದಿನಂತೆ ಬಂದುಹೋಗುತ್ತಿದ್ದವು. ಮೀನುಗಾರಿಕೆಯನ್ನು ಹೊರಗಟ್ಟುವುದು ಈ ಉದ್ಯಾನದ ಉದ್ದೇಶವೇ ಅಲ್ಲ. ಮೀನುಗಾರರು, ದ್ವೀಪಗಳ ಚುನಾಯಿತ ಪ್ರತಿನಿಧಿಗಳು, ಪರಿಸರ ಸಂಘಟನೆಗಳವರು, ವಿಜ್ಞಾನಿಗಳು ಮತ್ತು ಸರ್ಕಾರದ ಅಧಿಕಾರಿಗಳು ಒಂದೇ ಆಡಳಿತ ಮಂಡಳಿಯಲ್ಲಿ ಕುಳಿತು, ಈ ಕಡಲಿನಿಂದ ಎಲ್ಲಿ, ಯಾವಾಗ, ಏನನ್ನು ತೆಗೆಯಬಹುದೆಂಬುದನ್ನು ಚರ್ಚಿಸುತ್ತಾರೆ. ಇಲ್ಲಿನ ಸಮುದ್ರಜೀವಿಗಳ ಮೇಲೆ ಗಣನೀಯ ಪರಿಣಾಮ ಬೀರಬಹುದಾದ ಕೆಲಸಕ್ಕೆ ಅನುಮತಿ ನೀಡಬೇಕಾದರೆ ಈ ಮಂಡಳಿಯ ಒಪ್ಪಿಗೆ ಬೇಕು. ಈ ವ್ಯವಸ್ಥೆ ರೂಪುಗೊಳ್ಳುವ ಮೊದಲು ಹಲವು ವರ್ಷಗಳ ಕಾಲ ಬಿಸಿಬಿಸಿ ವಾಗ್ವಾದ ನಡೆದಿತ್ತು, ಉದ್ಯಾನವೇ ಬೇಡವೆಂದವರಲ್ಲಿ ದ್ವೀಪವಾಸಿಗಳೂ ಇದ್ದರು.

ಸಂಜೆ ಸ್ಯಾಂ-ಮಾತಿಯು ಭೂಶಿರಕ್ಕೆ ನಡೆದು ಹೋದೆವು. ಬೆನೆಡಿಕ್ಟೀನ್ ಸನ್ಯಾಸಿಗಳ ಹಳೆಯ ಮಠವೊಂದು ಛಾವಣಿಯಿಲ್ಲದೆ, ಕಮಾನುಗಳಷ್ಟೇ ಉಳಿದು ನಿಂತಿದೆ. ಅದಕ್ಕೆ ತಾಗಿಕೊಂಡೇ 1835ರಲ್ಲಿ ಬೆಳಗಿದ ದೀಪಸ್ತಂಭವಿದೆ. ಅದರ 163 ಮೆಟ್ಟಿಲುಗಳನ್ನು ಹತ್ತಿ ನಿಂತರೆ ಉದ್ಯಾನದ ಉತ್ತರಾರ್ಧವೆಲ್ಲ ಕಣ್ಣಿಗೆ ಬೀಳುತ್ತದೆ. ನೀರಿನ ಮಟ್ಟದಿಂದ ಸ್ವಲ್ಪವೇ ಮೇಲೆದ್ದ ದ್ವೀಪಗಳು, ಅವುಗಳ ನಡುವೆ ಅಲೆ ಒಡೆದು ಬಿಳಿಯಾಗುವ ಬಂಡೆಗಳು ಒಂದರ ಹಿಂದೊಂದು ಹರಡಿಕೊಂಡಿವೆ. ಕತ್ತಲಾದಮೇಲೆ ನನ್ನ ಸೋದರ ಸೊಸೆ ದೂರದ ಬೆಳಕುಗಳನ್ನು ಗುರುತಿಸಲು ಕಲಿಸಿದಳು. ಹತ್ತು ಸೆಕೆಂಡಿಗೊಮ್ಮೆ ಎರಡು ಬಿಳಿ ಮಿಂಚು ಕಂಡರೆ ಅದು ವೆಸಾಂ ದ್ವೀಪದ ಕ್ರೆಯಾಕ್, ಇಪ್ಪತ್ತು ಸೆಕೆಂಡಿಗೊಮ್ಮೆ ಎರಡು ಕೆಂಪು ಮಿಂಚು ಕಂಡರೆ ಅದೇ ದ್ವೀಪದ ಸ್ಟಿಫ್. ನಾವಿಕನಿಗೆ ಬೆಳಕಿನ ಈ ಲೆಕ್ಕವೇ ಊರಿನ ಹೆಸರು.

ಎರಡನೆಯ ದಿನ: ಮೊಲೆನ್

ಬೆಳಗಿನ ಹಡಗಿನಲ್ಲಿ ಮೊಲೆನ್ ದ್ವೀಪಕ್ಕೆ ಹೊರಟೆವು. ಈ ಕಡಲಿನ ಬಗ್ಗೆ ಬ್ರಿಟನಿಯ ನಾವಿಕರಲ್ಲಿ ಒಂದು ಹಳೆಯ ಮಾತಿದೆ: ಮೊಲೆನ್ ಕಂಡವನು ತನ್ನ ದುಃಖ ಕಂಡ, ವೆಸಾಂ ಕಂಡವನು ತನ್ನ ನೆತ್ತರು ಕಂಡ, ಸೇನ್ ಕಂಡವನು ತನ್ನ ಕೊನೆ ಕಂಡ. ಬಂಡೆ, ಮಂಜು ಮತ್ತು ಸೆಳೆತ ಮೂರೂ ಒಂದೆಡೆ ಸೇರಿರುವ ಈ ನೀರಿನಲ್ಲಿ ಶತಮಾನಗಳ ಕಾಲ ಒಡೆದ ಹಡಗುಗಳನ್ನು ನೆನೆದರೆ ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಮೊಲೆನ್ ಒಂದೂಕಾಲು ಕಿಲೋಮೀಟರ್ ಉದ್ದವೂ ಇಲ್ಲದ ದ್ವೀಪ. ವರ್ಷವಿಡೀ ನೆಲೆಸಿರುವವರು ಇನ್ನೂರಕ್ಕಿಂತ ಕಡಿಮೆ. ಇಲ್ಲಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ‘ಡ್ರಮಂಡ್ ಕ್ಯಾಸಲ್’ ಎಂಬ ಹಡಗಿನ ಕಥೆಯನ್ನು ಜೋಪಾನ ಮಾಡಿದ್ದಾರೆ. ಕೇಪ್‌ಟೌನಿನಿಂದ ಲಂಡನ್ನಿಗೆ ಹೊರಟಿದ್ದ ಈ ಆಂಗ್ಲ ಹಡಗು 1896ರ ಜೂನ್ 16ರ ರಾತ್ರಿ ಮೊಲೆನ್ ಬಳಿಯ ಬಂಡೆಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿದ್ದ ಸುಮಾರು 250 ಜನರಲ್ಲಿ ಉಳಿದವರು ಮೂವರು ಮಾತ್ರ. ಬಡ ದ್ವೀಪವಾಸಿಗಳು ತೇಲಿಬಂದ ಹೆಣಗಳಿಗೆ ತಮ್ಮ ಮನೆಯ ಬಟ್ಟೆಗಳನ್ನೇ ಹೊದಿಸಿ, ತಮ್ಮವರಿಗೆ ಮಾಡುವಂತೆಯೇ ಸಂಸ್ಕಾರ ಮಾಡಿದರು. ಕೃತಜ್ಞತೆಯಿಂದ ಇಂಗ್ಲೆಂಡಿನವರು ಚರ್ಚಿಗೆ ಗಡಿಯಾರವನ್ನೂ, ಮಳೆನೀರು ಸಂಗ್ರಹಿಸಲು ಒಂದು ದೊಡ್ಡ ತೊಟ್ಟಿಯನ್ನೂ ಕಟ್ಟಿಸಿಕೊಟ್ಟರು. ಸುತ್ತಲೂ ನೀರೇ ಇದ್ದರೂ ಕುಡಿಯುವ ನೀರಿಗೆ ಆಕಾಶ ನೋಡಬೇಕಾದ ದ್ವೀಪಕ್ಕೆ ಇದಕ್ಕಿಂತ ಒಳ್ಳೆಯ ಕೊಡುಗೆ ಇರಲಾರದು. ಆ ತೊಟ್ಟಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಅಮಾವಾಸ್ಯೆಯ ಆಸುಪಾಸಿನ ದಿನವಾದ್ದರಿಂದ ಮಧ್ಯಾಹ್ನ ಕಡಲು ಬಹಳ ದೂರ ಹಿಂದೆ ಸರಿಯಿತು. ನಮ್ಮ ಕರ್ನಾಟಕದ ತೀರದಲ್ಲಿ ಭರತ ಇಳಿತದ ವ್ಯತ್ಯಾಸ ಎರಡು ಮೀಟರಿನ ಆಸುಪಾಸು ಇದ್ದರೆ, ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಆರು ಏಳು ಮೀಟರ್ ತಲುಪುತ್ತದೆ. ಪಕ್ಕದ ಲೆದನೆಜ್ ಎಂಬ ಕಿರುದ್ವೀಪಕ್ಕೆ ಆಗ ನಡೆದೇ ಹೋಗಬಹುದು. ಹಿಂದೆ ಪಾಚಿ ಕೊಯ್ಯಲು ಬರುತ್ತಿದ್ದವರು ಬೇಸಿಗೆಯಿಡೀ ಅಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಕೊಯ್ದ ಪಾಚಿಯನ್ನು ಒಣಗಿಸಿ, ಕಲ್ಲು ಹಾಸಿದ ಉದ್ದನೆಯ ಕುಣಿಗಳಲ್ಲಿ ಸುಟ್ಟು, ಗಟ್ಟಿಯಾದ ಬೂದಿಯ ಗಟ್ಟಿಗಳನ್ನು ಮಾರುತ್ತಿದ್ದರು. ಆ ಬೂದಿ ಮೊದಲು ಗಾಜಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. 1811ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಬೆರ್ನಾರ್ ಕುರ್ತ್ವಾ ಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದ ನಂತರ ಔಷಧ ತಯಾರಕರೂ ಅದಕ್ಕೆ ಕಾದು ನಿಂತರು. ಚಿಕ್ಕಂದಿನಲ್ಲಿ ಮಂಡಿ ತರಚಿದಾಗಲೆಲ್ಲ ಅಮ್ಮ ಹಚ್ಚುತ್ತಿದ್ದ ಟಿಂಚರ್‌ನ ಮೂಲ ಚರಿತ್ರೆ ಇಂಥ ಕುಣಿಗಳ ಹೊಗೆಯಲ್ಲಿದೆ ಎಂದು ನನಗೆ ತಿಳಿದಿರಲಿಲ್ಲ.

“ಮಾವ, ಇಲ್ಲಿ ಬಗ್ಗಿ ನೋಡಿ” ಎಂದು ನನ್ನ ಸೊಸೆ ಬಂಡೆಯ ಮೇಲೆ ಒರಗಿದ್ದ ಕೆಲ್ಪ್ ಪಾಚಿಯ ಒಂದು ಎಲೆಯನ್ನು ಮೆಲ್ಲನೆ ಎತ್ತಿದಳು. ಕಂದು ಬಣ್ಣದ, ಚರ್ಮದಂಥ ಆ ಎಲೆಯ ಮೇಲೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಒಂದು ಚಿಪ್ಪು ಅಂಟಿಕೊಂಡಿತ್ತು. ಜೇನಿನ ಬಣ್ಣದ ಆ ತೆಳು ಚಿಪ್ಪಿನ ಬೆನ್ನಿನ ಮೇಲೆ, ಬಿಟ್ಟು ಬಿಟ್ಟು ಎಳೆದ ಸಾಲುಗಳಲ್ಲಿ ಕಡು ನೀಲಿ ಹೊಳೆಯುತ್ತಿತ್ತು. ಬಿಸಿಲು ಬಿದ್ದ ಕೋನ ಬದಲಾದಂತೆ ಗೆರೆಗಳು ಒಮ್ಮೆ ಉರಿದು ಒಮ್ಮೆ ಆರುತ್ತಿದ್ದವು. ಈ ಪ್ರಾಣಿ ಕೆಲ್ಪ್ ಎಲೆಯನ್ನೇ ತಿಂದು, ಎಲೆಯ ಮೇಲೆಯೇ ಬಾಳುತ್ತದಂತೆ. ಬುಡದ ಬೇರಿನಂಥ ಹಿಡಿಕೆಯನ್ನು ಬಿಡಿಸಿ ನೋಡಿದರೆ ಅದರ ಸಂದುಗಳಲ್ಲಿ ಹುಳುಗಳು, ಎಳೆಯ ಏಡಿಗಳು, ತೆಳ್ಳನೆಯ ತೋಳಿನ ನಕ್ಷತ್ರಮೀನುಗಳು ಕುಳಿತಿದ್ದವು. ಮುನ್ನೂರಕ್ಕೂ ಹೆಚ್ಚು ಜಾತಿಯ ಪಾಚಿಗಳಿರುವ ಇರ್ವಾಜ್ ಕಡಲಿನ ಕೆಲ್ಪ್ ಕಾಡು ಫ್ರಾನ್ಸಿನಲ್ಲೇ ಅತಿ ದೊಡ್ಡದು, ಅದಿಲ್ಲದೆ ಇಲ್ಲಿನ ಮೀನೂ ಇಲ್ಲ, ಮೀನು ತಿನ್ನುವ ಸೀಲ್ ಪ್ರಾಣಿಯೂ ಇಲ್ಲ.

ಬಂಡೆಗಳ ನಡುವೆ ಅಬಲೋನಿ ಎಂಬ, ತಿನ್ನುವ ಕಡಲ ಚಿಪ್ಪುಜೀವಿಯನ್ನು ಹುಡುಕುತ್ತಿದ್ದ ವೃದ್ಧೆಯೊಬ್ಬರು ಕಂಡರು. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಇದನ್ನು ತೆಗೆಯುವಂತಿಲ್ಲ, ಉಳಿದ ಕಾಲದಲ್ಲೂ ಒಂಬತ್ತು ಸೆಂಟಿಮೀಟರಿಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ. ಆಕೆಯ ಕೊರಳಲ್ಲಿ ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಅಳತೆಪಟ್ಟಿ ನೇತಾಡುತ್ತಿತ್ತು. ಒಂದು ಕಲ್ಲನ್ನು ಎರಡೂ ಕೈಗಳಿಂದ ಹೊರಳಿಸಿದರು, ಸಿಕ್ಕಿದ್ದನ್ನು ಅಳೆದರು, ಕೂದಲೆಳೆಯಷ್ಟು ಕಡಿಮೆ ಬಂದದ್ದರಿಂದ ಇದ್ದ ಜಾಗಕ್ಕೇ ಬಿಟ್ಟರು. ಆಮೇಲೆ, ಬಹಳ ಮುಖ್ಯವಾದ ಕೆಲಸವೆಂಬಂತೆ, ಹೊರಳಿಸಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿ ಇಟ್ಟರು. ಕಲ್ಲು ಅಂಗಾತ ಬಿದ್ದರೆ ಮೇಲ್ಮೈಯ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ, ಅಡಿಯ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಕಾನೂನಿನ ಪುಸ್ತಕಕ್ಕಿಂತ ಹೆಚ್ಚಾಗಿ ಆ ಮುದುಕಿಯ ಕೈಗಳಲ್ಲಿ ನನಗೆ ಈ ಉದ್ಯಾನ ಕಾಣಿಸಿತು.

ಸಂಜೆ ಸರಂಗನೊಬ್ಬ ನಮ್ಮನ್ನು ಸಣ್ಣ ದೋಣಿಯಲ್ಲಿ ದ್ವೀಪಸಮೂಹದ ಸುತ್ತ ಕರೆದೊಯ್ದ. ನೀರಿನಿಂದ ತಲೆಯೆತ್ತಿದ ಬಂಡೆಗಳ ಮೇಲೆ ಬೂದು ಸೀಲ್‌ಗಳು ಮಲಗಿದ್ದವು. ಪೂರ್ವ ಅಟ್ಲಾಂಟಿಕ್‌ನಲ್ಲಿ ಇವು ಮರಿ ಹಾಕುವ ಪ್ರದೇಶದ ದಕ್ಷಿಣದ ಅಂಚು ಇದೇ. ಬಹಳ ದೂರದಲ್ಲೇ ಎಂಜಿನ್ ನಿಧಾನಿಸಿದ ಸರಂಗ, ಒಂದು ಸೀಲ್ ತಲೆಯೆತ್ತಿ ನೋಡಿದೊಡನೆ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. ಅದು ನಮ್ಮನ್ನು ಗಮನಿಸಿತೆಂದರೆ ನಾವು ಅಗತ್ಯಕ್ಕಿಂತ ಹತ್ತಿರ ಬಂದಿದ್ದೇವೆ ಎಂದರ್ಥ ಎಂದ. ಬಾನೆಗ್, ಬಲಾನೆಗ್, ತ್ರಿಯೆಲೆನ್ ಎಂಬ ನಿರ್ಜನ ದ್ವೀಪಗಳು ಮೀಸಲು ಪ್ರದೇಶವಾದ್ದರಿಂದ ಅಲ್ಲಿಗೆ ಇಳಿಯುವ ಮಾತೇ ಇರಲಿಲ್ಲ. ರಾತ್ರಿಯ ಕತ್ತಲಲ್ಲಷ್ಟೇ ಗೂಡಿಗೆ ಮರಳುವ ಪುಟ್ಟ ಪೆಟ್ರೆಲ್ ಹಕ್ಕಿಗಳು ಬಾನೆಗ್‌ನ ಕಲ್ಲುಗಳ ಸಂದಿನಲ್ಲಿ ಮೊಟ್ಟೆಯಿಡುತ್ತವೆ. ಈ ದ್ವೀಪಸಮೂಹದಲ್ಲೊಂದು, ಸೇನ್ ದ್ವೀಪದ ಬಳಿ ಇನ್ನೊಂದು, ಹೀಗೆ ಎರಡು ಡಾಲ್ಫಿನ್ ಗುಂಪುಗಳು ವರ್ಷವಿಡೀ ಈ ಉದ್ಯಾನದಲ್ಲೇ ನೆಲೆಸಿವೆ. ಅಂದು ಅವು ಕಾಣಿಸಲಿಲ್ಲ.

ಮೂರನೆಯ ದಿನ: ಫ್ರೋಂವೂರ್ ದಾಟಿ ವೆಸಾಂಗೆ

ಮೊಲೆನ್ ಮತ್ತು ವೆಸಾಂ ನಡುವಿನ ಫ್ರೋಂವೂರ್ ಜಲಮಾರ್ಗದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಸೆಳೆತ ಎಂಟು ನಾಟ್, ಅಂದರೆ ಗಂಟೆಗೆ ಸುಮಾರು ಹದಿನೈದು ಕಿಲೋಮೀಟರ್ ವೇಗವನ್ನೂ ಮೀರುತ್ತದೆ. ಗಾಳಿ ಹೆಚ್ಚಿರದಿದ್ದರೂ ನೀರು ತನ್ನಷ್ಟಕ್ಕೆ ಕುದಿಯುತ್ತಿತ್ತು. ಹಡಗು ನೇರವಾಗಿ ಮುಂದೆ ಹೋಗದೆ ಓರೆಯಾಗಿ ಸಾಗುತ್ತಿರುವುದು ದಂಡೆಯ ಗುರುತುಗಳನ್ನು ನೋಡಿದವರಿಗೆ ತಿಳಿಯುತ್ತಿತ್ತು. ಈ ಸೆಳೆತದಿಂದ ವಿದ್ಯುತ್ ತೆಗೆಯಲು 2015ರಲ್ಲಿ ಹತ್ತು ಮೀಟರ್ ವ್ಯಾಸದ ಟರ್ಬೈನನ್ನು ಇದರ ತಳಕ್ಕೆ ಇಳಿಸಿ ವೆಸಾಂ ದ್ವೀಪಕ್ಕೆ ತಂತಿ ಎಳೆದಿದ್ದರು. ದಾರಿಯಲ್ಲಿ ಬಂಡೆಯೊಂದರ ಮೇಲೆ ಒಂಟಿಯಾಗಿ ನಿಂತ ಕೆರೆಯೋಂ ದೀಪಸ್ತಂಭ ಸಿಗುತ್ತದೆ. 1916ರಲ್ಲಿ ಬೆಳಗಿದ ಅದರೊಳಗೆ 2004ರವರೆಗೂ ಕಾವಲುಗಾರರು ಸರದಿಯಂತೆ ವಾಸವಿದ್ದರು.

ವೆಸಾಂ ಎಂಟು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲದ ದ್ವೀಪ. ಹೆಚ್ಚುಕಡಿಮೆ ಮರಗಳೇ ಇಲ್ಲದ ಬಯಲಿನಲ್ಲಿ ಆಗ ಹಳದಿ ಮತ್ತು ನೇರಳೆ ಹೂಗಳು ನೆಲಕ್ಕಂಟಿಕೊಂಡು ಅರಳಿದ್ದವು. ಬಾಡಿಗೆ ಸೈಕಲ್ ಹಿಡಿದು ಲಾಂಪೋಲ್ ಎಂಬ ಮುಖ್ಯ ಊರಿಗೆ ಹೋದೆವು. ದಡದುದ್ದಕ್ಕೂ ಇರುವ ಕಾಲುದಾರಿಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ, ಚಕ್ರ ಉರುಳಿದರೆ ತೆಳುವಾದ ಹುಲ್ಲುಮಣ್ಣು ಹರಿದು, ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಬಯಲಿನಲ್ಲಿ ಅಲ್ಲಲ್ಲಿ ಮೂರು ತೋಳಿನ ನಕ್ಷತ್ರದಾಕಾರದ ಮೋಟು ಗೋಡೆಗಳಿವೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಒಂದಲ್ಲ ಒಂದು ಮಗ್ಗುಲು ಮರೆಯಾಗುವಂತೆ ಕುರಿಗಳಿಗಾಗಿ ಕಟ್ಟಿದ ಆಸರೆಗಳಿವು.

ಈ ದ್ವೀಪದ ಗಂಡಸರು ತಲೆತಲಾಂತರದಿಂದ ನೌಕಾಪಡೆಯಲ್ಲೋ ಸರಕು ಹಡಗುಗಳಲ್ಲೋ ದುಡಿಯಲು ದೂರ ಹೋಗುತ್ತಿದ್ದರು. ಉಳುಮೆ, ಕುರಿ, ಮನೆ ಎಲ್ಲವೂ ಹೆಂಗಸರ ಹೆಗಲಿನ ಮೇಲಿತ್ತು. ಲಾಂಪೋಲ್ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಕಲ್ಲಿನದೊಂದು ಪುಟ್ಟ ಗುಡಿಯಂಥ ಸ್ಮಾರಕವಿದೆ. ಕಡಲಿನಲ್ಲಿ ಸತ್ತವನ ದೇಹ ಸಿಗದಿದ್ದಾಗ ಮನೆಯವರು ಮೇಣದ ಪುಟ್ಟ ಶಿಲುಬೆಯನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು, ದೇಹವೇ ಅಲ್ಲಿದೆಯೆಂಬಂತೆ ರಾತ್ರಿಯಿಡೀ ಪ್ರಾರ್ಥಿಸುತ್ತಿದ್ದರು. ಮರುದಿನ ಆ ಶಿಲುಬೆಯನ್ನು ಮೆರವಣಿಗೆಯಲ್ಲಿ ಚರ್ಚಿಗೆ ಒಯ್ದು, ಮುಂದೊಂದು ದಿನ ಎಲ್ಲ ಶಿಲುಬೆಗಳನ್ನೂ ಒಟ್ಟಾಗಿ ಈ ಸ್ಮಾರಕದೊಳಗೆ ಇಡುತ್ತಿದ್ದರು. ಪ್ರೊಯೆಲ್ಲಾ ಎಂಬ ಈ ಆಚರಣೆ ಇಪ್ಪತ್ತನೆಯ ಶತಮಾನದ ನಡುಭಾಗ ದಾಟಿಯೂ ನಡೆದಿತ್ತು. ವಸ್ತುಸಂಗ್ರಹದ ಗಾಜಿನ ಹಿಂದೆ ನಾನು ಕಂಡ ಶಿಲುಬೆ ಬೆರಳುದ್ದವೂ ಇರಲಿಲ್ಲ.

ನಾಲ್ಕನೆಯ ದಿನ: ದ್ವೀಪದ ಪಶ್ಚಿಮ

ಬೆಳಿಗ್ಗೆ ಕ್ರೆಯಾಕ್ ದೀಪಸ್ತಂಭದತ್ತ ಹೊರಟೆವು. 1863ರಲ್ಲಿ ಬೆಳಗಿದ, ಕಪ್ಪು ಬಿಳಿ ಪಟ್ಟೆಗಳ ಈ ಗೋಪುರ ಜಗತ್ತಿನ ಅತ್ಯಂತ ಪ್ರಬಲ ದೀಪಸ್ತಂಭಗಳಲ್ಲೊಂದು. ಅದರ ಹಳೆಯ ವಿದ್ಯುದಾಗಾರದಲ್ಲಿ ದೀಪಸ್ತಂಭಗಳ ವಸ್ತುಸಂಗ್ರಹಾಲಯವಿದೆ. ಫ್ರೆಂಚ್ ಭೌತವಿಜ್ಞಾನಿ ಫ್ರೆನೆಲ್ ರೂಪಿಸಿದ ಬಗೆಯ ಮಸೂರಗಳು ಆಳೆತ್ತರಕ್ಕೂ ಮಿಗಿಲಾಗಿ, ಗಾಜಿನ ನೂರಾರು ಪಟ್ಟಿಗಳ ಜೋಡಣೆಯಾಗಿ ಅಲ್ಲಿ ನಿಂತಿವೆ. ಒಂದು ದೀಪದಿಂದ ಎಲ್ಲೆಡೆಗೆ ಚದುರಿಹೋಗುವ ಬೆಳಕನ್ನು ಒಟ್ಟುಗೂಡಿಸಿ ದಿಗಂತದತ್ತ ಕಳಿಸುವ ಈ ಉಪಾಯ ಎಷ್ಟು ಜೀವಗಳನ್ನು ಉಳಿಸಿತೆಂಬುದನ್ನು ಲೆಕ್ಕ ಹಾಕುವುದೇ ಕಷ್ಟ.

ಅಲ್ಲಿಂದ ಪೆರ್ನ್ ಭೂಶಿರದವರೆಗೆ ಅಲೆ ಕೆತ್ತಿದ ಚೂಪು ಬಂಡೆಗಳ ನಡುವೆ ದಾರಿ. ಕೆಂಪು ಕೊಕ್ಕು, ಕೆಂಪು ಕಾಲಿನ ಕಪ್ಪು ಕಾಗೆಯಂಥ ಚಫ್ ಹಕ್ಕಿಗಳು ಜೋಡಿಯಾಗಿ ಹುಲ್ಲು ಕೆದಕುತ್ತಿದ್ದವು. ದಕ್ಷಿಣದ ದೂರದಲ್ಲಿ ಕಂಡದ್ದು ಲಾ ಜುಮಾಂ ದೀಪಸ್ತಂಭ. ಈ ಕಡಲಿನಲ್ಲಿ ಹಡಗು ಒಡೆದು ಬದುಕುಳಿದ ಪೊಟ್ರೋಂ ಎಂಬ ಧನಿಕನು ತನ್ನ ಮರಣಪತ್ರದಲ್ಲಿ, ಏಳು ವರ್ಷದೊಳಗೆ ಕಟ್ಟಬೇಕೆಂಬ ಷರತ್ತಿನೊಡನೆ, ಬಿಟ್ಟುಹೋದ ಹಣದಿಂದ ಅದು ಎದ್ದಿತು. 1904ರಲ್ಲಿ ಕೆಲಸ ಶುರುವಾಗಿ 1911ರ ಅಕ್ಟೋಬರಿನಲ್ಲಿ ದೀಪ ಬೆಳಗಿತು. ವರ್ಷದಲ್ಲಿ ಬಂಡೆಯ ಮೇಲೆ ಕಾಲಿಡಲು ಸಿಗುತ್ತಿದ್ದ ಗಂಟೆಗಳು ಬಹಳ ಕಡಿಮೆ. 1989ರ ಡಿಸೆಂಬರಿನ ಚಂಡಮಾರುತದಲ್ಲಿ ಛಾಯಾಗ್ರಾಹಕ ಝಾಂ ಗಿಷಾರ್ ಹೆಲಿಕಾಪ್ಟರಿನಿಂದ ತೆಗೆದ, ದೈತ್ಯ ಅಲೆ ಗೋಪುರವನ್ನು ಸುತ್ತುವರಿಯುತ್ತಿರುವಾಗ ಕಾವಲುಗಾರ ಬಾಗಿಲಲ್ಲಿ ನಿಂತಿರುವ ಚಿತ್ರವನ್ನು ನಮ್ಮಲ್ಲಿ ಅನೇಕರು ಕ್ಯಾಲೆಂಡರುಗಳಲ್ಲಿ ನೋಡಿರಬಹುದು. ಆ ದೀಪಸ್ತಂಭವೇ ಇದು.

ಸಂಜೆ ಪೂರ್ವದ ಸ್ಟಿಫ್‌ಗೆ ಬಂದೆವು. ಫ್ರೆಂಚ್ ಸೇನಾ ಎಂಜಿನಿಯರ್ ವೋಬಾಂ ಯೋಜಿಸಿದ, ಹದಿನೇಳನೆಯ ಶತಮಾನದ ಕೊನೆಯ ದೀಪಸ್ತಂಭದ ಪಕ್ಕದಲ್ಲೇ ಅದಕ್ಕಿಂತ ಎಷ್ಟೋ ಎತ್ತರದ ರಾಡಾರ್ ಗೋಪುರವಿದೆ. ಅದು ಅಲ್ಲಿಗೆ ಬರಲು ಕಾರಣವಾದ ಜಾಗವನ್ನು ಮರುದಿನ ನೋಡುವುದಿತ್ತು.

ಐದನೆಯ ದಿನ: ಪೋರ್ಸಾಲ್ ಮತ್ತು ಲಾನಿಲ್ದ್ಯುತ್

ಬೆಳಗಿನ ಹಡಗಿನಲ್ಲಿ ಮುಖ್ಯಭೂಮಿಗೆ ಮರಳಿ, ಕಾರಿನಲ್ಲಿ ಉತ್ತರದ ಪೋರ್ಸಾಲ್ ಎಂಬ ಹಳ್ಳಿಗೆ ಹೋದೆವು. ಅಲ್ಲಿನ ಧಕ್ಕೆಯ ಮೇಲೆ ತುಕ್ಕು ಹಿಡಿದ ಭಾರೀ ಲಂಗರನ್ನು ಇರಿಸಿದ್ದಾರೆ. 1978ರ ಮಾರ್ಚ್ 16ರಂದು ಚುಕ್ಕಾಣಿ ಕೆಟ್ಟ ‘ಅಮೊಕೊ ಕಾಡಿಜ್’ ಎಂಬ ತೈಲದ ಹಡಗು ಈ ಊರಿನೆದುರಿನ ಬಂಡೆಗಳಿಗೆ ಬಡಿದು, ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾತೈಲ ಕಡಲಿಗೆ ಸುರಿಯಿತು. ನೂರಾರು ಕಿಲೋಮೀಟರ್ ದಡ ಕಪ್ಪಾಯಿತು, ಸಿಂಪಿ ಸಾಕಣೆ ನೆಲಕಚ್ಚಿತು, ಹಕ್ಕಿಗಳು ಸಾವಿರಗಟ್ಟಲೆ ಸತ್ತವು. ಆಮೇಲೆಯೇ ವೆಸಾಂ ಬಳಿಯ ಹಡಗುಮಾರ್ಗವನ್ನು ದಡದಿಂದ ದೂರ ಸರಿಸಿದರು, ಸ್ಟಿಫ್‌ನ ರಾಡಾರ್ ಗೋಪುರ ಎದ್ದಿತು, ಕೆಟ್ಟ ಹವೆಯಲ್ಲಿ ಸಿದ್ಧವಾಗಿ ನಿಲ್ಲುವ ರಕ್ಷಣಾ ಟಗ್ ಬಂತು. ಇಂದಿಗೂ ವರ್ಷಕ್ಕೆ ಹತ್ತಾರು ಸಾವಿರ ಹಡಗುಗಳು ಉದ್ಯಾನದ ಅಂಚಿನಲ್ಲೇ ಹಾದುಹೋಗುತ್ತವೆ. ಅಬಲೋನಿಯನ್ನು ಅಳೆದು ಬಿಡುವ ಕೈಗಳ ಶ್ರಮವೆಲ್ಲ ಒಂದು ಚುಕ್ಕಾಣಿಯ ದೋಷಕ್ಕೆ ಮಣ್ಣುಪಾಲಾಗಬಹುದೆಂಬ ಆತಂಕ ನನ್ನನ್ನು ಬಿಡಲಿಲ್ಲ.

ಮಧ್ಯಾಹ್ನ ಲಾನಿಲ್ದ್ಯುತ್ ಬಂದರಿಗೆ ಬಂದೆವು. ಪ್ಯಾರಿಸಿನ ಕಾಂಕೋರ್ಡ್ ಚೌಕದ ಈಜಿಪ್ಟ್ ಸ್ತಂಭದ ಪೀಠಕ್ಕೆ ಇಲ್ಲಿನ ಗ್ರಾನೈಟ್ ಹೋಗಿದೆ. ಆದರೆ ಈಗ ಊರಿಗೆ ಹೆಸರು ತಂದಿರುವುದು ಪಾಚಿ, ಏಕೆಂದರೆ ಯೂರೋಪಿನ ಪಾಚಿ ಬಂದರುಗಳಲ್ಲಿ ಇದೇ ಮೊದಲನೆಯದು. ಉಬ್ಬರದ ಜೊತೆ ಒಂದೊಂದಾಗಿ ಬಂದ ದೋಣಿಗಳ ನಡುಭಾಗದಲ್ಲಿ ಕಂದು ಪಾಚಿ ರಾಶಿಯಾಗಿ ತುಂಬಿತ್ತು. ಪ್ರತಿ ದೋಣಿಯ ಮೇಲೂ ಕೊಕ್ಕೆ ತುದಿಯ ಯಾಂತ್ರಿಕ ತೋಳೊಂದಿದೆ. ಸ್ಕೂಬಿದೂ ಎಂದು ಕರೆಯುವ ಈ ಕೊಕ್ಕೆ ನೀರಿನಲ್ಲಿ ತಿರುಗುತ್ತಾ, ನಾವು ಶ್ಯಾವಿಗೆಯನ್ನು ಚಮಚಕ್ಕೆ ಸುತ್ತಿಕೊಳ್ಳುವಂತೆ ಕೆಲ್ಪ್ ಎಲೆಗಳನ್ನು ಸುತ್ತಿಕೊಂಡು ಬಂಡೆಯಿಂದ ಕಿತ್ತು ಮೇಲೆತ್ತುತ್ತದೆ. ಲಾರಿಗಳು ಅದನ್ನು ಆಲ್ಜಿನೇಟ್ ತೆಗೆಯುವ ಕಾರ್ಖಾನೆಗಳಿಗೆ ಒಯ್ಯುತ್ತವೆ. ಐಸ್‌ಕ್ರೀಮನ್ನು ಮಂದಗೊಳಿಸಲು, ಹಲ್ಲಿನ ವೈದ್ಯರು ಅಚ್ಚು ತೆಗೆಯಲು ಬಳಸುವ ವಸ್ತು ಅದು.

ನಮ್ಮಲ್ಲಿ ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧವಿರುವಂತೆ ಇಲ್ಲಿ ಪಾಚಿಗೂ ಪರವಾನಗಿ, ಕಾಲ ಮತ್ತು ಪ್ರಮಾಣದ ಕಟ್ಟುಪಾಡುಗಳಿವೆ. ಕಟ್ಟುಪಾಡು ಎಲ್ಲರಿಗೂ ಒಪ್ಪಿಗೆಯಾಗಿದೆ ಎಂದಲ್ಲ. ಡೆಕ್ ತೊಳೆಯುತ್ತಿದ್ದ ಕೊಯ್ಲುಗಾರನೊಬ್ಬನನ್ನು ಸೊಸೆಯ ಮೂಲಕ ಮಾತಾಡಿಸಿದಾಗ, ಒಂದು ಪ್ರದೇಶವನ್ನು ಮುಚ್ಚುವ ಪ್ರಸ್ತಾಪಕ್ಕೆ ತನ್ನ ವಿರೋಧವಿದೆ ಎಂದು ನೇರವಾಗಿಯೇ ಹೇಳಿದ. ತಮ್ಮವರು ಮಂಡಳಿಯಲ್ಲಿ ಕುಳಿತಿರುವುದರಿಂದ ಆ ವಿರೋಧ ಅಲ್ಲಿಯೇ ದಾಖಲಾಗುತ್ತದೆ ಎಂದೂ ಸೇರಿಸಿದ. ಅವನಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೊಂದಿತ್ತು. ತಾನು ಕೊಯ್ಯುವ ಕೆಲ್ಪ್ ತಣ್ಣನೆಯ ನೀರನ್ನು ಬಯಸುವ ಜಾತಿ. ಕಡಲು ಬೆಚ್ಚಗಾದಂತೆ ಕೆಲವು ಬಂಡೆಗಳಲ್ಲಿ ಅದರ ಜಾಗಕ್ಕೆ ಒಂದೇ ವರ್ಷ ಬದುಕುವ, ಬುಡ ಗಡ್ಡೆಯಂತೆ ಊದಿಕೊಂಡ, ಕಾರ್ಖಾನೆಗೆ ಬೇಡವಾದ ಇನ್ನೊಂದು ಪಾಚಿ ಬರುತ್ತಿದೆ. ಅದನ್ನು ಬೇರ್ಪಡಿಸಿ ಎಸೆಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ ಎಂದು, ರಾಶಿಯಿಂದ ಒಂದು ಗಡ್ಡೆಯನ್ನು ಎಳೆದು ತೋರಿಸಿದ.

ನನ್ನ ಸೊಸೆಯ ಸಂಶೋಧನೆಯ ವಿಷಯವೂ ಅದೇ. ಯಾವ ಬಂಡೆ, ಎಷ್ಟು ಆಳ, ಯಾವ ವರ್ಷದಿಂದ ಎಂದು ಕೇಳುತ್ತಾ ಅವಳು ಪುಸ್ತಕ ತೆರೆದಳು. ಅವನು ದೋಣಿಯ ಪರದೆಯ ಮೇಲಿನ ನಕಾಶೆಯಲ್ಲಿ ತಾನು ಇಪ್ಪತ್ತು ವರ್ಷಗಳಿಂದ ಗುರುತು ಹಾಕಿಕೊಂಡು ಬಂದ ಜಾಗಗಳನ್ನು ಒಂದೊಂದಾಗಿ ತೋರಿಸಿದ. “ಮಾವ, ನೀವು ಸಂಜೆಯ ರೈಲಿಗೆ ಹೋಗಿಬಿಡುತ್ತೀರಿ, ಇಲ್ಲದಿದ್ದರೆ ನೀವೂ ಬರಬಹುದಿತ್ತು. ಸೋಮವಾರ ಬೆಳಿಗ್ಗೆ ಇವರು ನನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಆ ಬಂಡೆಗಳನ್ನೆಲ್ಲ ತೋರಿಸುತ್ತಾರಂತೆ” ಎಂದಳು. ಸೋಮವಾರ ಐದು ಗಂಟೆಗೇ ಧಕ್ಕೆಯಲ್ಲಿರಬೇಕು, ಇಳಿತಕ್ಕೆ ಸರಿಯಾಗಿ ಅಲ್ಲಿ ಮುಟ್ಟದಿದ್ದರೆ ಏನೂ ಕಾಣದು ಎಂದು ಕೊಯ್ಲುಗಾರ ಎರಡು ಸಲ ಹೇಳಿ, ಅವಳ ಪುಸ್ತಕದಲ್ಲಿ ಸಮಯವನ್ನು ತಾನೇ ಬರೆದುಕೊಟ್ಟ.